ಆಯಿಯ ತಟ್ಟೆಯಿಂದ ಒಂಬತ್ತು ಪದಾರ್ಥ

ಪತ್ರ ಬರೆದವರು ಶಿರಸಿ ಕಡೆಯ ಹಳ್ಳಿಯವರು. ಪತ್ರದ ಸಾರ ಇಷ್ಟು: "ನಮ್ಮ ಆಯಿಗೆ 61 ವರ್ಷ. ಸ್ತನ ಕ್ಯಾನ್ಸರ್. ಬೆಂಗಳೂರಿಗೆ ಹೋಗಿ 21 ದಿನಕ್ಕೊಮ್ಮೆ ಕೀಮೋ ಮಾಡಿಸಿಕೊಂಡು ಬರುತ್ತೇವೆ. ಎರಡು ಆಗಿದೆ. ಕೆಂಪು ಔಷಧ ಕೊಡುತ್ತಿದ್ದಾರೆ. ತೂಕ 54 ಕಿಲೋದಿಂದ 50ಕ್ಕೆ ಇಳಿದಿದೆ. ಬಾಯೆಲ್ಲ ಕಬ್ಬಿಣ ಕಚ್ಚಿದ ಹಾಗೆ ಎನ್ನುತ್ತಾಳೆ. ದೊಡ್ಡಾಯಿ ಮತ್ತು ನೆಂಟರು ಸೇರಿ ಸಕ್ಕರೆ, ಬೆಲ್ಲ, ಹಾಲು, ಮೊಸರು, ಅನ್ನ, ಬಾಳೆಹಣ್ಣು, ಬದನೆ, ಹುಳಿ, ಎಣ್ಣೆ ಎಲ್ಲ ಬಿಡಿಸಿದ್ದಾರೆ. ಬೆಳಿಗ್ಗೆ ಗೋಧಿಹುಲ್ಲಿನ ರಸ, ಸಂಜೆ ಅಮೃತಬಳ್ಳಿ ಕಷಾಯ. ಪಥ್ಯ ಮುರಿದರೆ ಔಷಧ ಹತ್ತುವುದಿಲ್ಲ ಎನ್ನುವುದು ನಿಜವೇ?"

ನಿಜವಲ್ಲ. ಇವತ್ತೇ ಮುರಿಯಿರಿ.

ತೂಕವನ್ನು ಅಂಕಿಯಲ್ಲಿ ಬರೆದಿದ್ದೀರಲ್ಲ, ಅದಕ್ಕೆ ನಿಮ್ಮನ್ನು ಮೆಚ್ಚಬೇಕು. "ಸ್ವಲ್ಪ ಸೊರಗಿದ್ದಾಳೆ" ಎಂದು ಬರೆದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಎರಡೇ ಕೀಮೋದಲ್ಲಿ ನಾಲ್ಕು ಕಿಲೋ ಎಂದರೆ ನೂರಕ್ಕೆ ಏಳು ಪಾಲಿಗಿಂತ ಹೆಚ್ಚು. ವೈದ್ಯರಿಗೆ ಹೇಳಲೇಬೇಕಾದ ಇಳಿತ ಅದು. ಆದರೆ ಒಂದು ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ತಿನ್ನಬಾರದ ಒಂಬತ್ತು ಪದಾರ್ಥಗಳನ್ನು ಹೆಸರು ಹಿಡಿದು ಬರೆದಿದ್ದೀರಿ. ಆಯಿಗೆ ಏನು ತಿನ್ನಬೇಕೆನಿಸುತ್ತದೆ ಎಂದು ನಾಲ್ಕು ಪುಟದ ಪತ್ರದಲ್ಲಿ ಒಂದು ಸಾಲೂ ಇಲ್ಲ. ಕೇಳಿದ್ದೀರಾ?

ದೊಡ್ಡಾಯಿಯ ಅಕ್ಕರೆಯನ್ನು ಅಲ್ಲಗಳೆಯುವುದಿಲ್ಲ. ಆಗ ಮಾಡಿದ್ದನ್ನು ಆಗಲೇ ಬಡಿಸಬೇಕು, ತಂಗಳು ಕೂಡದು, ಹೊರಗಿನ ತಿಂಡಿ ಕೂಡದು ಎಂಬ ಅವರ ಮಾತು ಪೂರ್ತಿ ಸರಿ. ಅಷ್ಟನ್ನು ಉಳಿಸಿಕೊಳ್ಳಿ.

ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತದೆ ಎಂಬ ನಂಬಿಕೆಯ ಬೇರು 1920ರ ದಶಕದಲ್ಲಿದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಕಬಳಿಸುತ್ತವೆ ಎಂದು ಜರ್ಮನಿಯ ವಿಜ್ಞಾನಿ ಓಟೋ ವಾರ್ಬರ್ಗ್ ಕಂಡುಕೊಂಡರು. ಅದು ಸುಳ್ಳಲ್ಲ. ಆದರೆ ಗ್ಲೂಕೋಸ್ ಮೆದುಳಿಗೂ ಬೇಕು, ರಕ್ತಕ್ಕೂ ಬೇಕು. ಬಾಯಿಂದ ಬರದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಗಡ್ಡೆ ಉಪವಾಸ ಬೀಳುವುದಿಲ್ಲ, ತಾಯಿಯ ತೊಡೆ, ತೋಳು ಸೊರಗುತ್ತವೆ. ಸಕ್ಕರೆ ಕಾಯಿಲೆ ಇದ್ದವರ ಲೆಕ್ಕ ಬೇರೆ. ಕೀಮೋ ಜೊತೆ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಅವರು ಅಳೆದು ನೋಡುತ್ತಿರಬೇಕು.

ಈಗ ತಟ್ಟೆಯ ಲೆಕ್ಕ. ಈ ಚಿಕಿತ್ಸೆಯಲ್ಲಿರುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋಗೆ 60ರಿಂದ 75 ಗ್ರಾಂ. (ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರು ಹೇಳಿದಷ್ಟೇ.) ನಿಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ, ಸರಿ. ಎರಡು ಲೋಟ ಹಾಲಿನಲ್ಲಿ ಸುಮಾರು 13 ಗ್ರಾಂ, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ 8, 50 ಗ್ರಾಂ ಪನೀರಿನಲ್ಲಿ 9, ಒಂದು ಹಿಡಿ ಹುರಿದ ಶೇಂಗಾದಲ್ಲಿ 7, ಒಂದು ಬಟ್ಟಲು ಮೊಸರಿನಲ್ಲಿ 7. ಹಾಲಿಗೆ ಎರಡು ದೊಡ್ಡ ಚಮಚ ಹಾಲಿನ ಪುಡಿ ಕದಡಿದರೆ ಲೋಟದ ಗಾತ್ರ ಹೆಚ್ಚದೆ ಸತ್ವ ಹೆಚ್ಚುತ್ತದೆ. ಅನ್ನ, ಗಂಜಿಯಿಂದ ಇನ್ನೊಂದಷ್ಟು ಬರುತ್ತದೆ. ದೊಡ್ಡಾಯಿ ತೆಗೆಸಿದ ಹಾಲು, ಮೊಸರು, ಅನ್ನ ಇಲ್ಲದೆ ಈ ಮೊತ್ತ ಮುಟ್ಟುವುದು ಹೇಗೆ ಎಂದು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೂಡಿಸಿ ನೋಡಿ.

ಮೂರು ಹೊತ್ತಿನ ದೊಡ್ಡ ಊಟ ಬೇಡ; ಎರಡೆರಡು ಗಂಟೆಗೆ ಸಣ್ಣ ಬಟ್ಟಲು. ಕಬ್ಬಿಣದ ರುಚಿಗೆ ಸ್ಟೀಲಿನ ತಟ್ಟೆ ಚಮಚ ಬದಿಗಿಟ್ಟು ಗಾಜು, ಪಿಂಗಾಣಿ, ಮರದ ಚಮಚ ಕೊಡಿ. ಒಗ್ಗರಣೆಯ ಹೊಗೆಗೇ ವಾಕರಿಕೆ ಬರುತ್ತದೆ. ಅಡುಗೆ ನಡೆಯುವಾಗ ಅವರು ಜಗಲಿಯಲ್ಲಿರಲಿ. ತಣಿದ ಊಟಕ್ಕೆ ವಾಸನೆ ಕಡಿಮೆ, ಆಗತಾನೆ ಕಲೆಸಿದ ಮೊಸರನ್ನ ಇಳಿಯುವುದು ಅದಕ್ಕೇ. ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಚೀಟಿಯಲ್ಲಿದ್ದ ಹೊತ್ತಿಗೇ ಕೊಡಿ. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ. ಮೂರು ದಿನ ಹೊರಗೆ ಹೋಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಮನೆಯಲ್ಲಿ ಎನಿಮಾ ಕೊಡಲೇಬೇಡಿ, ಗಾಯವಾದರೆ ಅಲ್ಲಿಂದಲೇ ಸೋಂಕು ಏರುತ್ತದೆ.

ಗೋಧಿಹುಲ್ಲಿನ ರಸ ಮಣ್ಣಿನಲ್ಲಿ ಬೆಳೆದ ಎಲೆಯನ್ನು ಬೇಯಿಸದೆ ಹಿಂಡಿದ್ದು. ಸೋಂಕು ತಡೆಯುವ ಬಿಳಿ ರಕ್ತಕಣ ಕೀಮೋದಿಂದ ಇಳಿದ ದಿನಗಳಲ್ಲಿ ಅದು ಬೇಡವೇ ಬೇಡ. ನಿಮ್ಮ ಕಡೆಯ ಒಂದೆಲಗದ ತಂಬುಳಿಯೂ ಅಷ್ಟೇ, ಎಲೆಯನ್ನು ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ ಅರೆದರೆ ಮಾತ್ರ. ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಅಲ್ಲಿರಲಿ. ಕೆಂಪು ಔಷಧ, ಅಂದರೆ ಡಾಕ್ಸೊರುಬಿಸಿನ್, ಹೊರಹೋಗುವುದು ಮುಖ್ಯವಾಗಿ ಯಕೃತ್ತಿನ ಮೂಲಕ. ಯಕೃತ್ತು ಕೆಟ್ಟರೆ ಔಷಧದ ಪ್ರಮಾಣ ತಗ್ಗಿಸಬೇಕು, ಇಲ್ಲವೇ ಕೀಮೋ ಮುಂದೂಡಬೇಕು. ಕಷಾಯ ನಿಲ್ಲಿಸಿ, ಇದುವರೆಗೆ ಕುಡಿಸಿದ್ದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಕೀಮೋ "ಪರದೇಶದ ವಿಷ" ಎಂದರಂತೆ ನೆಂಟರು. ಡಾಕ್ಸೊರುಬಿಸಿನ್ ಇಟಲಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯ ತಳಿಯಿಂದ ಬಂದದ್ದು. ಇನ್ನೊಂದು ಕೀಮೋ ಔಷಧ ವಿನ್‌ಕ್ರಿಸ್ಟಿನ್ ನಮ್ಮ ಅಂಗಳದಲ್ಲೂ ಅರಳುವ ನಿತ್ಯಪುಷ್ಪದಿಂದ ಬಂತು (ಹಾಗೆಂದು ಆ ಎಲೆ ಅರೆದು ಕುಡಿಸಬೇಡಿ, ಅದು ನೇರ ವಿಷ). ಮಕ್ಕಳ ರಕ್ತಕ್ಯಾನ್ಸರಿಗೆ 1947ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಬಳಸಿದ ಅಮಿನೋಪ್ಟೆರಿನ್ ಎಂಬ ಔಷಧ ತಯಾರಾದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಔಷಧಕ್ಕೆ ಗೋತ್ರ ಕೇಳಬೇಡಿ.

ಆದರೆ ನಿಮ್ಮ ಪತ್ರದಲ್ಲಿ ನಮ್ಮನ್ನು ಹೆದರಿಸಿದ್ದು ಪಥ್ಯವಲ್ಲ, ಕೊನೆಯ ಸಾಲು. "ಹತ್ತನೇ ದಿನ ಸ್ವಲ್ಪ ಜ್ವರವಿತ್ತು, ಪ್ಯಾರಸಿಟಮಾಲ್ ಕೊಟ್ಟೆವು, ಇಳಿಯಿತು." ಕೀಮೋ ಕೊಟ್ಟ ದಿನದಿಂದ ಎಣಿಸಿದರೆ ಸಾಮಾನ್ಯವಾಗಿ 7ರಿಂದ 14ನೇ ದಿನದವರೆಗೆ ಬಿಳಿ ರಕ್ತಕಣಗಳು ಅತಿ ಕೆಳಗಿಳಿಯುತ್ತವೆ. ಆಗ ಸೋಂಕು ತಗುಲಿದರೆ ಕೀವು, ಕೆಂಪು, ಬಾವು ಏನೂ ಕಾಣದಿರಬಹುದು. ಜ್ವರ ಒಂದೇ ಕುರುಹು. ಮಾತ್ರೆ ಕೊಟ್ಟರೆ ಆ ಕುರುಹೂ ಅಳಿಸಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಡಿಜಿಟಲ್ ಥರ್ಮಾಮೀಟರನ್ನು ನಾಲಿಗೆಯ ಕೆಳಗಿಡಿ. ಬಿಸಿ ಚಹಾ ಕುಡಿದಿದ್ದರೆ ಅರ್ಧ ಗಂಟೆ ಕಾಯಿರಿ. ಬಾಯಿ ಹುಣ್ಣಾಗಿದ್ದರೆ ಕಂಕುಳಲ್ಲಿಡಿ, ಅಲ್ಲಿ ಸುಮಾರು ಒಂದು ಡಿಗ್ರಿ ಕಡಿಮೆ ತೋರಿಸಬಹುದೆಂದು ನೆನಪಿಡಿ. 100.4 ಡಿಗ್ರಿ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ಚಳಿ ನಡುಕ, ಮಂಕು ಬಂದರೆ, ಮಧ್ಯರಾತ್ರಿಯಾದರೂ ಹೊರಡಿ. ಬೆಂಗಳೂರಿಗಲ್ಲ. ಅಷ್ಟು ಹೊತ್ತಿಲ್ಲ; ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಬೀಳಬೇಕು. ರಾತ್ರಿ ರಕ್ತಪರೀಕ್ಷೆ ಮಾಡಿ ಡ್ರಿಪ್ ಹಾಕುವ ಹತ್ತಿರದ ಆಸ್ಪತ್ರೆ ಯಾವುದು, ಮಳೆಯಲ್ಲಿ ಯಾರ ಜೀಪು ಸಿಗುತ್ತದೆ ಎಂಬುದನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಹೋದ ಕೂಡಲೇ "ಕೀಮೋ ಆಗಿದೆ, ಇವತ್ತು ಇಷ್ಟನೇ ದಿನ" ಎಂದು ಹೇಳಿ, ಸಾಲಿನಲ್ಲಿ ಕೂರಬೇಡಿ.

ಬಿಳಿ ರಕ್ತಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಮನೆಗೆ ಕೊಟ್ಟಿದ್ದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಫ್ರಿಜ್ಜಿನ ಬಾಗಿಲಲ್ಲಲ್ಲ, ಫ್ರೀಜರಿನಲ್ಲಂತೂ ಅಲ್ಲ. ಕರೆಂಟು ಹೋದರೆ ಬಾಗಿಲು ತೆರೆಯದಿದ್ದಲ್ಲಿ ನಾಲ್ಕು ಗಂಟೆ ತಡೆಯುತ್ತದೆ. ಕೀಮೋ ಆದ ಒಂದೆರಡು ದಿನ ಮೂತ್ರ ಕೆಂಪಗಾಗುವುದು ಔಷಧದ ಬಣ್ಣ, ರಕ್ತವಲ್ಲ. ಆ 48 ಗಂಟೆ ಶೌಚಾಲಯಕ್ಕೆ ಎರಡು ಸಲ ನೀರು ಹಾಕಿ. ವಾಂತಿಯ ಬಟ್ಟೆಯನ್ನು ಕೈಗವಸು ತೊಟ್ಟು ಬೇರೆಯಾಗಿ ಒಗೆಯಿರಿ.

ಇಷ್ಟನ್ನೂ ನಿಮಗೆ ಆಸ್ಪತ್ರೆಯ ಚೀಟಿಯೇ ಹೇಳಿರಬೇಕು. ಹೇಳಿದೆ, ಇಂಗ್ಲಿಷಿನಲ್ಲಿ. ನೀವು ಕಳಿಸಿದ ಪ್ರತಿಯಲ್ಲಿ ಜ್ವರದ ಸಾಲು ಎರಡನೇ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿದೆ. ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆ 1963ರದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ಇಷ್ಟು ಕಾಲ ನಾಡಿನ ಮೂಲೆಮೂಲೆಯಿಂದ ಜನ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬಂದು ಕೀಮೋ ಮಾಡಿಸಿಕೊಂಡು ಹೋಗಿದ್ದಾರೆ. "ಜ್ವರ 100.4 ಮುಟ್ಟಿದರೆ ಮಾತ್ರೆ ನುಂಗಬೇಡಿ, ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ" ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲು ಯಾವ ಆಸ್ಪತ್ರೆಗೆ ಕಷ್ಟ? ಪದವಿಲ್ಲ ಎನ್ನುವಂತಿಲ್ಲ. ಕನ್ನಡ ಮಂಡಳಿಗಳು ಅಂಗಡಿಯ ಫಲಕ ಎಣಿಸುವುದರ ಜೊತೆಗೆ ಈ ಚೀಟಿಗಳನ್ನೂ ಕೈಗೆತ್ತಿಕೊಳ್ಳಲಿ. ಮನೆಯಲ್ಲಿ ಜ್ವರ ನೋಡುವವಳು ಸೊಸೆ, ಮಗಳು. ಓದಬೇಕಾದವಳು ಅವಳು.

ಈ ಸಂಚಿಕೆ ಕೈಸೇರುವ ಹೊತ್ತಿಗೆ ಮೂರನೇ ಕೀಮೋ ಆಗಿರುತ್ತದೆ. ಆದ್ದರಿಂದ ಜ್ವರದ ಭಾಗವನ್ನು ಮೊದಲೇ ಅಂಚೆಯಲ್ಲಿ ಕಳಿಸಿದ್ದೇವೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಬಾಯಿ ಉರಿಯುತ್ತಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ಹುಣ್ಣಿಲ್ಲದಿದ್ದರೆ ಹುಳಿಯೇ ಆ ಕಬ್ಬಿಣದ ರುಚಿಯನ್ನು ಕಡಿಯುತ್ತದೆ. ಮಾವಿನಕಾಯಿ ಚೆನ್ನಾಗಿ ಬೇಯಿಸಿ ಕಿವುಚಿ, ಕುದಿಸಿದ ನೀರು ಬೆರೆಸಿ, ಖಾರ ಕಡಿಮೆ ಮಾಡಿ ಒಂದು ಲೋಟ ಅಪ್ಪೆಹುಳಿ ಮಾಡಿ. ಕೊಬ್ಬರಿ ಎಣ್ಣೆಯ ಒಗ್ಗರಣೆ ಕೊಡುವಾಗ ಆಯಿ ಜಗಲಿಯಲ್ಲಿರಲಿ.