ಸಂಬಳ ಕೇಳದೆ ಮನೆಯ ವರ್ಗ ಗುರುತಿಸುವುದು ಹೇಗೆ?

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. ಪ್ರಾಜೆಕ್ಟಿಗಾಗಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ 150 ಮನೆ ಸುತ್ತಬೇಕು. ಆದಾಯ ಎಷ್ಟೆಂದು ಕೇಳಿದರೆ ಬಾಗಿಲಲ್ಲೇ ಸಾಗಹಾಕುತ್ತಾರೆ. ಮನೆಗಳನ್ನು ವರ್ಗವಾರು ವಿಂಗಡಿಸುವುದು ಹೇಗೆ?

ಉತ್ತರ: ಆದಾಯ ಕೇಳಲೇಬೇಡಿ. ಹೇಳಿದರೂ ಆ ಅಂಕಿ ನೆಚ್ಚುವಂಥದ್ದಲ್ಲ. ರೇಷನ್ ಕಾರ್ಡು ಹೋದೀತೆಂದು ತಗ್ಗಿಸಿ ಹೇಳುವವರೇ ಹೆಚ್ಚು. ಮಾರುಕಟ್ಟೆ ಸಮೀಕ್ಷೆಯವರು 2011ರಲ್ಲಿ ತಂದ ಎನ್‌ಸಿಸಿಎಸ್ (ನ್ಯೂ ಕನ್ಸ್ಯೂಮರ್ ಕ್ಲಾಸಿಫಿಕೇಶನ್ ಸಿಸ್ಟಮ್, ಅಂದರೆ ಗ್ರಾಹಕ ಮನೆಗಳ ವರ್ಗೀಕರಣ) ಪದ್ಧತಿಗೆ ಎರಡು ಸಂಗತಿ ಸಾಕು: ಮನೆಯ ಮುಖ್ಯ ದುಡಿಮೆಗಾರರ ಓದು ಮತ್ತು ಮನೆಯಲ್ಲಿರುವ ವಸ್ತುಗಳ ಎಣಿಕೆ. ಪಟ್ಟಿಯಲ್ಲಿ ಹನ್ನೊಂದು ಇವೆ: ಕರೆಂಟ್, ಸೀಲಿಂಗ್ ಫ್ಯಾನ್, ಗ್ಯಾಸ್ ಒಲೆ, ದ್ವಿಚಕ್ರ ವಾಹನ, ಕಲರ್ ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಕಾರು, ಎ.ಸಿ., ಕೃಷಿ ಜಮೀನು. ಓದಿಗೆ ಏಳು ಹಂತ. ಪದ್ಧತಿಯ ಕೋಷ್ಟಕದಲ್ಲಿ ಓದು ಮತ್ತು ವಸ್ತುಗಳ ಸಂಖ್ಯೆ ಎರಡೂ ಕೂಡುವ ಚೌಕ ನೋಡಿದರೆ, ಎಲ್ಲಕ್ಕಿಂತ ಮೇಲಿನ ಎ1ರಿಂದ ಎಲ್ಲಕ್ಕಿಂತ ಕೆಳಗಿನ ಇ3ರವರೆಗಿನ 12 ವರ್ಗಗಳಲ್ಲಿ ಒಂದು ಸಿಗುತ್ತದೆ.

ಎಡವುವುದು ಎಣಿಕೆಯಲ್ಲಿ. ಮೂರು ಫ್ಯಾನ್ ಇದ್ದರೂ ಲೆಕ್ಕಕ್ಕೆ ಒಂದೇ. ಬಾಡಿಗೆ ಮನೆಯಲ್ಲಿ ಮಾಲೀಕರೇ ಹಾಕಿಸಿಕೊಟ್ಟ ಫ್ಯಾನ್, ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಕೂಡ ಸೇರುತ್ತವೆ, ಆ ಮನೆಯವರೇ ಬಳಸುತ್ತಿದ್ದರೆ. ಮೆಟ್ಟಿಲ ಕೆಳಗಿಟ್ಟು ನಾಲ್ಕು ಮನೆಯವರು ಹಂಚಿಕೊಳ್ಳುವ ವಾಷಿಂಗ್ ಮಷೀನ್ ಸೇರುವುದಿಲ್ಲ. ಜಮೀನಿನ ಪ್ರಶ್ನೆಯನ್ನು ‘ಇದು ಸಿಟಿ ತಾನೇ’ ಎಂದು ಬಿಡಬೇಡಿ. ಊರಲ್ಲಿ ಹೊಲ ಇರುವವರು ಬಡಾವಣೆಯಲ್ಲಿ ಬೇಕಾದಷ್ಟು. ಮುಖ್ಯ ದುಡಿಮೆಗಾರರೆಂದರೆ ಹಿರಿಯರಲ್ಲ, ಮನೆಖರ್ಚಿಗೆ ಹೆಚ್ಚು ಹಾಕುವವರು. ‘ಯಜಮಾನರು ಯಾರು?’ ಎಂದು ಕೇಳಿದಿರೋ, ನಿವೃತ್ತ ತಾತನ ಓದು ಬರೆದುಕೊಂಡು ಬರುತ್ತೀರಿ.

ಎಸ್ಸೆಸ್ಸೆಲ್ಸಿ ಓದಿದ ಆಟೋ ಚಾಲಕರ ಮನೆಯಲ್ಲಿ ಕರೆಂಟ್, ಫ್ಯಾನ್, ಗ್ಯಾಸ್, ಟಿವಿ, ಫ್ರಿಜ್, ಒಂದು ಸ್ಕೂಟರ್ ಇವೆ ಎನ್ನಿ. ಆರು ವಸ್ತು, ವರ್ಗ ಬಿ1. ಆಟೋ ಪಟ್ಟಿಯಲ್ಲಿಲ್ಲ, ಅದನ್ನು ಕಾರಿನ ಕಾಲಂಗೆ ತಳ್ಳಿದರೆ ಏಳಾಗಿ ಎ3ಕ್ಕೆ ಜಿಗಿಯುತ್ತದೆ.

ಪ್ರಶ್ನೆ: ಈಗ ಟಿವಿ, ಫ್ಯಾನ್ ಯಾರ ಮನೆಯಲ್ಲಿಲ್ಲ? ಇದರಿಂದ ವ್ಯತ್ಯಾಸ ತಿಳಿದೀತೇ?

ಉತ್ತರ: ನಿಮ್ಮ ಅನುಮಾನ ಸರಿ. ವಸ್ತು ಕೊಳ್ಳುವುದು ಸುಲಭವಾದಷ್ಟೂ ಮನೆಗಳೆಲ್ಲ ಮೇಲಿನ ವರ್ಗಗಳಲ್ಲೇ ಗುಂಪುಗೂಡುತ್ತವೆ. ಹಾಗಾಗಿ ಆಮೇಲೆ ಬಂದ ಐಎಸ್ಇಸಿ (ಇಂಡಿಯನ್ ಸೋಶಿಯೋ-ಎಕನಾಮಿಕ್ ಕ್ಲಾಸಿಫಿಕೇಶನ್) ಪದ್ಧತಿ ವಸ್ತುಗಳನ್ನೇ ಕೈಬಿಟ್ಟು, ಮುಖ್ಯ ದುಡಿಮೆಗಾರರ ಉದ್ಯೋಗದ ಜೊತೆಗೆ ಮನೆಯಲ್ಲಿ ಅತಿ ಹೆಚ್ಚು ಓದಿದ ಗಂಡಸು, ಅತಿ ಹೆಚ್ಚು ಓದಿದ ಹೆಂಗಸು ಇಬ್ಬರ ಓದನ್ನೂ ನೋಡುತ್ತದೆ. ಉದ್ಯೋಗ ಕೇಳುವಾಗ ‘ಬಿಸಿನೆಸ್’ ಎಂಬ ಉತ್ತರಕ್ಕೆ ನಿಲ್ಲಬೇಡಿ, ತಳ್ಳುಗಾಡಿಯೂ ಬಿಸಿನೆಸ್ಸೇ. ಕೆಲಸಕ್ಕೆ ಎಷ್ಟು ಜನ ಇಟ್ಟುಕೊಂಡಿದ್ದಾರೆಂದು ಕೇಳಿ.

ಪ್ರಶ್ನೆ: ಡಿ, ಇ ವರ್ಗ ಬಂದವರಿಗೆ ಬಿಪಿಎಲ್ ಕಾರ್ಡು ಸಿಗುತ್ತದೆಯೇ?

ಉತ್ತರ: ಸಂಬಂಧವೇ ಇಲ್ಲ. ಇದು ಸೋಪು, ಟಿವಿ ಮಾರುವವರು ಗಿರಾಕಿಯನ್ನು ಅಳೆಯಲು ಮಾಡಿಕೊಂಡ ಪಟ್ಟಿ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ನೋಡುವುದು ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿದೆಯೇ, ಮನೆಯಲ್ಲಿ ಸರ್ಕಾರಿ ನೌಕರರೋ ಆದಾಯ ತೆರಿಗೆ ಕಟ್ಟುವವರೋ ಇದ್ದಾರೆಯೇ, ಸ್ವಂತ ಬಳಕೆಯ ಕಾರಿದೆಯೇ ಎಂಬಂಥವನ್ನು. ನಿಮ್ಮ ಸಮೀಕ್ಷೆಗೂ ಕಾರ್ಡಿಗೂ ಸಂಬಂಧವಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಇಲ್ಲವಾದರೆ ಫ್ರಿಜ್ಜಿನ ಮೇಲೆ ಬಟ್ಟೆ ಹೊದಿಸಿ ‘ಇಲ್ಲ’ ಅನ್ನುತ್ತಾರೆ.