ಪ್ರ: ‘ಡೌನ್‌ಲೋಡಿಸಿ’ ಅಂತ ಬರೆಯಬಹುದೇ?

ಉ: ಜಯನಗರದ ನಿಮ್ಮ ಅಪಾರ್ಟ್‌ಮೆಂಟ್ ನೋಟಿಸಿನಲ್ಲಿ ‘ಫಾರಂ ಡೌನ್‌ಲೋಡಿಸಿ’ ಎಂದರೆ ತಪ್ಪೇ ಅಂತ ಕೇಳಿದ್ದೀರಿ. ವ್ಯಾಕರಣದ ಅಡ್ಡಿಯೇನಿಲ್ಲ. ‘ಇಸು’ ಸೇರಿ ಚಿತ್ರದಿಂದ ಚಿತ್ರಿಸು ಆದಂತೆಯೇ ಗೂಗಲಿಸು, ಟ್ವೀಟಿಸು ಹುಟ್ಟಿದ್ದು.

ತೊಡಕಿರುವುದು ಬೇರೆ ಕಡೆ. ಇದೇ ‘ಇಸು’ ಇನ್ನೊಬ್ಬರಿಂದ ಮಾಡಿಸುವುದಕ್ಕೂ ಬರುತ್ತದೆ: ಮಾಡು–ಮಾಡಿಸು, ಕಲಿ–ಕಲಿಸು. ಹಾಗಾಗಿ ‘ಪ್ರಿಂಟಿಸಿ’ ಅಂದರೆ ತಾವೇ ಮಾಡಬೇಕೋ, ಜೆರಾಕ್ಸ್ ಅಂಗಡಿಗೆ ಹೋಗಬೇಕೋ ಎಂದು ಓದುವವರು ತಡವರಿಸುತ್ತಾರೆ. ನೋಟಿಸಿಗೆ ‘ಡೌನ್‌ಲೋಡ್ ಮಾಡಿ’, ‘ಪ್ರಿಂಟ್ ಮಾಡಿಸಿ’ ವಾಸಿ. ‘ಇಳಿಸಿಕೊಳ್ಳಿ’ಯೂ ಚೆಂದವೇ, ಏನನ್ನು, ಎಲ್ಲಿಂದ ಎಂಬುದು ಜೊತೆಗಿರಲಿ, ಇಲ್ಲದಿದ್ದರೆ ಲಾರಿಯಿಂದ ಸಾಮಾನು ಇಳಿಸಿದಂತಾದೀತು!

ಇನ್ನು ನೋಟಿಸಿನಲ್ಲಿ ಇಮೇಲ್‌ಗೆ ‘ಮಿಂಚಂಚೆ’ ಧಾರಾಳವಾಗಿ ಬಳಸಿ. ಮಿಂಚು+ಅಂಚೆ, ಲೋಪಸಂಧಿ. ಮಿಂಚಂಚೆಗೆ, ಮಿಂಚಂಚೆಯಲ್ಲಿ ಎಂದು ವಿಭಕ್ತಿಯೂ ಸಲೀಸಾಗಿ ಕೂರುತ್ತದೆ. ವಿಳಾಸವನ್ನು ಪಕ್ಕದಲ್ಲೇ ಕೊಟ್ಟರೆ ಪದ ಹೊಸದಾದರೂ ಯಾರೂ ಅರ್ಥ ಕೇಳುವುದಿಲ್ಲ.