ಗುಂಡಿಯ ಕಾಲ ಗೊತ್ತಾಗೋದು ಬಾಯಿಂದ

ಪ್ರಶ್ನೆ: ನಾನು ಇತಿಹಾಸ ಎಂ.ಎ. ವಿದ್ಯಾರ್ಥಿನಿ. ಮೊದಲ ಸಲ ಉತ್ಖನನಕ್ಕೆ ಹೋಗಿದ್ದೆ. ನಾಲ್ಕನೇ ಪದರ ಅಗೆಯುವಾಗ ಒಂದು ಕಡೆ ದುಂಡಗೆ ಕಪ್ಪು ಮಣ್ಣು ಕಾಣಿಸಿತು. ಅದನ್ನೂ ಸೇರಿಸಿ ಅಗೆದೆ. ಸಿಕ್ಕ ಮಡಕೆ ಚೂರುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿದೆ. ಮೇಷ್ಟ್ರು ಎಲ್ಲರೆದುರು ಬೈದರು. ಒಂದೇ ಆಳದಲ್ಲಿ ಸಿಕ್ಕಿದ್ದು ಒಂದೇ ಕಾಲದ್ದಲ್ವಾ?

ಉತ್ತರ: ಅಲ್ಲಮ್ಮ. ಎಲ್ಲರೆದುರು ಬೈಯಬಾರದಿತ್ತು, ಆದರೆ ವಿಷಯ ಸರಿ. ಆ ಕಪ್ಪು ದುಂಡು ಬಹುಶಃ ಹಳೇ ಗುಂಡಿ. ಎರಡನೇ ಪದರದ ಕಾಲದವರು ಕಸ ಸುರಿಯೋಕೆ ಅಂತ ತೋಡಿದ ಗುಂಡಿ ಮೂರನ್ನು ಸೀಳಿಕೊಂಡು ನಾಲ್ಕಕ್ಕೆ ಇಳಿದಿರಬಹುದು. ಹಾಗಾಗಿ ತಳ ಎಲ್ಲಿದೆ ಅಂತ ನೋಡಬೇಡಿ, ಬಾಯಿ ಯಾವ ಪದರದಿಂದ ಶುರುವಾಗಿದೆ ನೋಡಿ.

ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನೇ ತಗೊಳ್ಳಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ತಳದಲ್ಲಿ ಕಲ್ಲುಕೊಡಲಿಯವರು, ನಡುವೆ ಬೃಹತ್ ಶಿಲಾಗೋರಿಯವರು, ಮೇಲೆ ಸಾತವಾಹನರ ಕಾಲದವರು ಅಂತ ಮೂರು ಹಂತ ಸಿಕ್ಕವು. ಮೇಲಿನ ಹಂತದ ಕಾಲ ಹೇಳೋಕೆ ದೊಡ್ಡ ಆಧಾರ ಆಗಿದ್ದು ರೂಲೆಟೆಡ್ ತಟ್ಟೆಯ ಚೂರುಗಳು, ಅಂದರೆ ಒಳಗಡೆ ಸಣ್ಣ ಸಣ್ಣ ಗೀರುಗಳ ಬಳೆಯಂಥ ಸಾಲಿರುವ ನಯವಾದ ತಟ್ಟೆ. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ 1945ರಲ್ಲಿ ಅಂಥವೇ ತಟ್ಟೆಗಳು, ಕಾಲ ಗೊತ್ತಿದ್ದ ರೋಮನ್ ಮಡಕೆಗಳ ಜೊತೆ ಸಿಕ್ಕಿದ್ದವು. ಈಗ ಯೋಚಿಸಿ, ಗುಂಡಿಯಲ್ಲಿ ಜಾರಿ ಇಳಿದ ಅಂಥ ಒಂದೇ ಒಂದು ಚೂರು ತಳದ ಪದರದ ಚೀಲ ಸೇರಿದ್ದರೆ? ಕಲ್ಲುಕೊಡಲಿಯವರು ರೋಮ್ ವ್ಯಾಪಾರದ ಕಾಲದ ತಟ್ಟೆಯಲ್ಲಿ ಉಂಡರು ಅಂತ ಬರೆಯಬೇಕಾಗುತ್ತಿತ್ತು!

ಇನ್ನೊಮ್ಮೆ ಬಣ್ಣ ಬದಲಾದ ಕೂಡಲೇ ಕೈ ನಿಲ್ಲಿಸಿ. ಕರಣೆಯಿಂದ ನೆಲ ಕೆರೆದು, ತುಸು ನೀರು ಚಿಮುಕಿಸಿ. ಒಣಗಿದಾಗ ಕಾಣದ ಅಂಚು ಒದ್ದೆಯಲ್ಲಿ ಎದ್ದು ಕಾಣುತ್ತದೆ. ಫೋಟೋ ತೆಗೆದು, ನಕ್ಷೆ ಬರೆದು, ಗುಂಡಿಗೆ ಬೇರೆ ನಂಬರ್, ಬೇರೆ ಚೀಲ ಕೊಡಿ. ಮೊದಲು ಅರ್ಧ ಮಾತ್ರ ಅಗೆಯಿರಿ, ಉಳಿದರ್ಧದ ಗೋಡೆಯಲ್ಲಿ ಗುಂಡಿ ಹೇಗೆ ತುಂಬಿತು ಅನ್ನೋದು ಕಾಣುತ್ತದೆ. ಅಂಚು ಸ್ಪಷ್ಟ ಇಲ್ಲದಿದ್ದರೆ ಸುಮ್ನೆ ಗಟ್ಟಿ ಗೆರೆ ಎಳೆಯಬೇಡಿ, ಬಿಟ್ಟು ಬಿಟ್ಟು ಎಳೆಯಿರಿ. ಇಲಿ ಬಿಲವೂ ಹೀಗೇ ಮೋಸ ಮಾಡುತ್ತದೆ.

ಆ ಚೀಲದ ಚೂರುಗಳನ್ನು ಈಗ ಅಂದಾಜಿನ ಮೇಲೆ ಬೇರೆ ಮಾಡೋಕೆ ಹೋಗಬೇಡಿ. ಚೀಟಿಯಲ್ಲಿ ‘ನಾಲ್ಕನೇ ಪದರ ಮತ್ತು ಗುಂಡಿ, ಬೆರೆತಿದೆ’ ಅಂತ ಬರೆದು, ನೋಟ್‌ಬುಕ್ಕಿನಲ್ಲೂ ಅದನ್ನೇ ದಿನಾಂಕ ಹಾಕಿ ಬರೆದಿಡಿ.